ಅಟ್ಟವಿಲ್ಲದ ಮನೆಯಲ್ಲಿ ದೆವ್ವದ ಹಬ್ಬ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸವೆಸಿದವನಿಗೆ ಅಕ್ಟೋಬರ್ 31 ಅಂದ ಕೂಡಲೇ ನೆನಪಾಗುವುದು ಉಳಿತಾಯ. 1924ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಉಳಿತಾಯ ಬ್ಯಾಂಕುಗಳ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಕೊನೆಯ ದಿನವಾದ ಅಕ್ಟೋಬರ್ 31ನ್ನು ಮುಂದೆ ವಿಶ್ವ ಮಿತವ್ಯಯ ದಿನ ಅಂತ ಆಚರಿಸತೊಡಗಿದರು. 1984ರಲ್ಲಿ ಅದೇ ತಾರೀಖಿಗೆ ಇಂದಿರಾ ಗಾಂಧಿಯವರ ಹತ್ಯೆಯಾದ ಮೇಲೆ ನಮ್ಮ ದೇಶದಲ್ಲಿ ಅದು ಒಂದು ದಿನ ಹಿಂದೆ ಸರಿದು 30ಕ್ಕೆ ಬಂತು. ಆ ದಿನ ನಮ್ಮ ಶಾಖೆಗಳಲ್ಲಿ ಬ್ಯಾನರು ಕಟ್ಟಿ, ಹತ್ತಿರದ ಶಾಲೆಯ ಮಕ್ಕಳನ್ನು ಕರೆಸಿ, ಹನಿ ಹನಿ ಕೂಡಿದರೆ ಹಳ್ಳ ಅಂತ ಭಾಷಣ ಬಿಗಿದು, ಪೆಪ್ಪರ್‌ಮಿಂಟು ಹಂಚಿ ಕಳಿಸುತ್ತಿದ್ದೆವು.

ಅದೇ 31ರ ಸಂಜೆ ಅಮೆರಿಕದ ಮಕ್ಕಳು ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಅದು ಹ್ಯಾಲೋವೀನ್. 2023ರಲ್ಲಿ ಆ ಹಬ್ಬಕ್ಕೆ ಅಲ್ಲಿಯ ಜನ 1,220 ಕೋಟಿ ಡಾಲರ್ ಖರ್ಚು ಮಾಡುತ್ತಾರೆ ಅಂತ ಅಲ್ಲಿಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಹಾಕಿತ್ತು. ಮಿತವ್ಯಯದ ದಿನವೂ ಅದೇ, ದುಂದಿನ ದಿನವೂ ಅದೇ. ಕ್ಯಾಲೆಂಡರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡುವ ಮನಸ್ಸಾಗುತ್ತದೆ ಅಂತ ಕಾಣುತ್ತದೆ.

ಈ ಎರಡೂ ನನ್ನ ಮೇಜಿನ ಮೇಲೆ ಒಟ್ಟಿಗೇ ಬಂದು ಬಿದ್ದದ್ದು 2024ರಲ್ಲಿ. ನಾನು ಧಾರವಾಡದವನು. 1997ರಲ್ಲಿ ವರ್ಗವಾಗಿ ಪುಣೆಗೆ ಬಂದೆ. ಊರಿಗೆ ವಾಪಸು ಹೋಗೋಣ, ಹೋಗೋಣ ಅನ್ನುತ್ತಲೇ ಇಲ್ಲಿ ನಿವೃತ್ತನೂ ಆದೆ. ಈಗ ಬಾಣೇರ್ ಭಾಗದ ಒಂದು ಸೊಸೈಟಿಯಲ್ಲಿದ್ದೇವೆ. ಸೊಸೈಟಿ ಅಂದ್ರೆ ನಮ್ಮೂರಿನವರಿಗೆ ಪತ್ತಿನ ಸಂಘವೋ ರೇಷನ್ ಅಂಗಡಿಯೋ ನೆನಪಾದೀತು. ಪುಣೆಯಲ್ಲಿ ಅಪಾರ್ಟ್‌ಮೆಂಟಿಗೇ ಹಾಗನ್ನುತ್ತಾರೆ. ಇಂಥಲ್ಲಿ ಒಬ್ಬ ಬ್ಯಾಂಕಿನವನು ನಿವೃತ್ತನಾದ ಅಂತ ಗೊತ್ತಾದರೆ ಸಾಕು, ಖಜಾಂಚಿ ಕೆಲಸ ತಾನಾಗಿ ಅವನ ಕೊರಳಿಗೆ ಬೀಳುತ್ತದೆ. ನನ್ನ ಕೊರಳಿಗೂ ಬಿತ್ತು.

ನಮ್ಮ ಸೊಸೈಟಿಯ ಎಳೆಯ ದಂಪತಿಗಳಲ್ಲಿ ಮುಕ್ಕಾಲು ಜನ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುವವರು. ಒಡಿಶಾ, ಆಂಧ್ರ, ಬಿಹಾರ, ನಾಗಪುರದ ಕಡೆಯವರು. ಇವರು 2022ರಿಂದ ಹ್ಯಾಲೋವೀನ್ ಶುರು ಮಾಡಿದ್ದರು. ಮೂರನೆಯ ವರ್ಷ ಅವರು ತಂದ ಅರ್ಜಿಯಲ್ಲಿ, ಈ ಸಲದ ಹ್ಯಾಲೋವೀನ್ ಪರಿಸರಸ್ನೇಹಿಯೂ ಮಿತವ್ಯಯದ್ದೂ ಆಗಿರುತ್ತದೆ, ಆದ್ದರಿಂದ ಸೊಸೈಟಿಯ ನಿಧಿಯಿಂದ ಇಷ್ಟು ಹಣ ಮಂಜೂರು ಮಾಡಬೇಕು ಅಂತ ಬರೆದಿತ್ತು. ಸಾಲದ ಅರ್ಜಿ ಓದಿ ಓದಿ ಕಣ್ಣು ಹಾಳು ಮಾಡಿಕೊಂಡವನು ನಾನು. ಎರಡು ಒಳ್ಳೆಯ ಶಬ್ದಗಳು ಜೋಡಿಯಾಗಿ ಬಂದರೆ ನಡುವೆ ಏನೋ ಅಡಗಿದೆ ಅಂತ ನನಗೆ ಗುಮಾನಿ. ಪರಿಸರಕ್ಕೆ ಹಿತವಾದದ್ದೂ ಕಿಸೆಗೆ ಹಿತವಾದದ್ದೂ ಒಂದೇ ಏನು? ಆ ಸಂಜೆಯಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸಭೆಯಲ್ಲಿ ಹಿರಿಯರು ಎತ್ತಿದ್ದು ಬೇರೆಯೇ ಪ್ರಶ್ನೆ. ಇದು ನಮ್ಮ ಹಬ್ಬವೇ ಅಲ್ಲ, ಯಾಕೆ ಬೇಕು? ಅದನ್ನು ಬೇಗ ಮುಗಿಸಿಬಿಡುತ್ತೇನೆ, ಯಾಕಂದ್ರೆ ನನಗೆ ಅದರಲ್ಲಿ ಹೆಚ್ಚು ಹುರುಳು ಕಾಣಲಿಲ್ಲ. ಹ್ಯಾಲೋವೀನಿನ ಮರುದಿನ ನವೆಂಬರ್ 1. ನಮ್ಮ ಸೊಸೈಟಿಯ ಐದು ಕನ್ನಡದ ಮನೆಗಳು ಸೇರಿ ಕ್ಲಬ್‌ಹೌಸಿನಲ್ಲಿ ಭುವನೇಶ್ವರಿಯ ಫೋಟೋ ಇಟ್ಟು, ಹಳದಿ-ಕೆಂಪು ಬಾವುಟ ಹಚ್ಚಿ, ನಾಡಗೀತೆ ಹಾಡಿ, ಕೇಸರಿಬಾತ್ ಹಂಚುತ್ತೇವೆ. ಬೆಳಗಾವಿಯ ತಕರಾರು ಗೊತ್ತಿದ್ದೂ ನಮ್ಮ ಮರಾಠಿ ನೆರೆಹೊರೆಯವರು ಕ್ಲಬ್‌ಹೌಸಿನ ಕೀಲಿ ಕೊಡುತ್ತಾರೆ, ಬಂದು ಕೇಸರಿಬಾತ್ ತಿಂದು ಹೋಗುತ್ತಾರೆ. ಇದು ನಮ್ಮದಲ್ಲ, ಯಾಕೆ ಬೇಕು ಅಂತ ಅವರು ಅಂದಿದ್ದರೆ? ಪರವೂರಿನಲ್ಲಿ ಬಾಳುವವನು ಹಬ್ಬಗಳಿಗೆ ಗೇಟಿನಲ್ಲಿ ನಿಂತು ಗುರುತಿನ ಚೀಟಿ ಕೇಳಬಾರದು.

ಇನ್ನು ಈ ಹ್ಯಾಲೋವೀನ್ ಆದರೂ ಅಮೆರಿಕದ್ದೇ? ಅದೂ ಊರು ಬಿಟ್ಟವರ ಹಬ್ಬವೇ. ಐರ್ಲೆಂಡ್, ಸ್ಕಾಟ್‌ಲೆಂಡುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಚಳಿ ಕಾಲಿಡುವ ರಾತ್ರಿ ಸತ್ತವರ ಆತ್ಮಗಳು ಓಡಾಡುತ್ತವೆ ಅಂತ ನಂಬಿಕೆ. ಹುಡುಗರು ಮುಖಕ್ಕೆ ಮಸಿ ಬಳಿದುಕೊಂಡು, ಹಳೇ ಬಟ್ಟೆ ತಿರುವಿ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದರು. ದೀಪಕ್ಕೆ ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಘೋರ ಕ್ಷಾಮ ಬಂದಾಗ ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಹೋದ ದೇಶದಲ್ಲಿ ಟರ್ನಿಪ್‌ಗಿಂತ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳಕಾಯಿ ಸಿಕ್ಕಿತು, ಅದನ್ನೇ ಕೊರೆದರು. ಊರಿನಲ್ಲಿ ಬನ್ನಿ ಎಲೆ ಕೊಡುತ್ತಿದ್ದ ನಾವು ಪುಣೆಯಲ್ಲಿ ಆಪಟಾ ಎಲೆಯನ್ನು ಬಂಗಾರ ಅಂತ ಕೊಡುವುದಿಲ್ಲವೇ, ಹಾಗೆ.

ಈ ಹಬ್ಬ ಹುಟ್ಟಿದಾಗ ಅದರಲ್ಲಿ ಕೊಂಡು ತಂದದ್ದು ಏನೂ ಇರಲಿಲ್ಲ. ಮಸಿ ಒಲೆಯದು, ಬಟ್ಟೆ ಅಪ್ಪನದು, ಗಡ್ಡೆ ಹೊಲದ್ದು. ನಮ್ಮ ಕಡೆಯ ಹೋಳಿಯನ್ನೇ ನೆನೆಸಿಕೊಳ್ಳಿ. ಕಾಮಣ್ಣನಿಗೆ ಕಟ್ಟಿಗೆ ಕುಳ್ಳು ಕೊಡಿ ಅಂತ ಹಲಗೆ ಬಾರಿಸಿಕೊಂಡು ಮನೆಮನೆಗೆ ಹೋಗುವುದು; ಕೊಟ್ಟರೆ ಸರಿ, ಕೊಡದಿದ್ದರೆ ರಾತ್ರಿ ಕದಿಯುವುದು. ಕದಿಸಿಕೊಂಡ ಮನೆಯಾತ ಬೆಳಿಗ್ಗೆ ಬೈಯುವುದು, ಬೈಗುಳದಲ್ಲೂ ಒಂದು ಖುಷಿ. ನಮ್ಮ ಓಣಿಯ ಮುದುಕರೊಬ್ಬರು ಹಬ್ಬದ ಹಿಂದಿನ ವಾರವೇ ಮುರಿದ ಹೊರಸಿನ ಕಾಲು, ಗೆದ್ದಲು ತಿಂದ ಚೌಕಟ್ಟು, ಎಲ್ಲ ಹಿತ್ತಿಲ ಗೋಡೆಯ ಮೇಲೆ ಹುಡುಗರ ಕೈಗೆ ಎಟುಕುವಂತೆ ಇಟ್ಟು, ಕದ್ದ ಮೇಲೆ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದರು. ಕೊಟ್ಟರೆ ಸರಿ, ಇಲ್ಲದಿದ್ದರೆ ಕಿತಾಪತಿ ಅನ್ನುವ ಹ್ಯಾಲೋವೀನಿನ ನಿಯಮವನ್ನು ಧಾರವಾಡದ ಹುಡುಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹೀಗಾಗಿ ಹಬ್ಬ ಯಾರದು ಅನ್ನುವುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನನ್ನು ಕಾಡಿದ್ದು ಹಿಂದಿನ ವರ್ಷ, 2023ರ ನವೆಂಬರ್ 1ರ ಬೆಳಿಗ್ಗೆ ಕಂಡದ್ದು.

ಅದಕ್ಕಿಂತ ಮೊದಲು ಪುಣೆಯ ಕಸದ ವಿಷಯ ಎರಡು ಮಾತು ಹೇಳಬೇಕು. ಈ ಊರಿನಲ್ಲಿ 1993ರಲ್ಲಿ ಚಿಂದಿ ಆಯುವವರು ಸೇರಿ ಒಂದು ಸಂಘ ಕಟ್ಟಿದರು: ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡು ಆಯ್ದು ಬದುಕುವವರ ಪಂಚಾಯಿತಿ ಅಂತ ಅರ್ಥ. ಮುಂದೆ ಅವರೇ ಒಡೆಯರಾಗಿರುವ ಸ್ವಚ್ಛ ಎಂಬ ಸಹಕಾರ ಸಂಘ ಹುಟ್ಟಿ, 2008ರಲ್ಲಿ ಮಹಾನಗರಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಬಾಗಿಲಿನಿಂದ ಕಸ ಒಯ್ಯುವ ಕೆಲಸ ಹಿಡಿಯಿತು. ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಹಸಿ ಕಸ, ಒಣ ಕಸ ನಾವು ಬೇರೆ ಮಾಡಿ ಕೊಡಬೇಕು. ಒಣದರಲ್ಲಿ ಮಾರಾಟವಾಗುವುದನ್ನು ಅವರು ಆರಿಸಿ ಮಾರಿಕೊಳ್ಳುತ್ತಾರೆ. ಅವರ ದುಡಿಮೆಯ ಒಂದು ಪಾಲು ಅದರಲ್ಲಿದೆ. ಆರಿಸಲು ಬಾರದ್ದು, ಮಾರಲು ಬಾರದ್ದು ಲಾರಿ ಹತ್ತುತ್ತದೆ. ಆ ಲಾರಿಗಳು ಎಷ್ಟೋ ವರ್ಷ ಹೋಗಿ ಸುರಿದದ್ದು ಉರುಳಿ ದೇವಾಚಿ, ಫುರಸುಂಗಿ ಹಳ್ಳಿಗಳ ಮಗ್ಗುಲಲ್ಲಿ. ಅಲ್ಲಿಯ ಬಾವಿಗಳ ನೀರು ಕೆಟ್ಟಿತು, ಗಾಳಿ ಕೆಟ್ಟಿತು. 2017ರ ಬೇಸಿಗೆಯಲ್ಲಿ ಆ ಕಸದ ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ ಹಳ್ಳಿಯವರು ವಾರಗಟ್ಟಲೆ ಲಾರಿ ಒಳಗೆ ಬಿಡಲಿಲ್ಲ. ಪುಣೆಯ ರಸ್ತೆಗಳಲ್ಲಿ ಕಸ ಕೊಳೆತು ನಾರಿದಾಗಲೇ ನಮಗೆಲ್ಲ ಆ ಹಳ್ಳಿಗಳ ಹೆಸರು ಬಾಯಿಪಾಠವಾದದ್ದು.

ಸರಿ, ಆ ಬೆಳಿಗ್ಗೆ. ಗಿಡಗಳ ಬೇಲಿಗೆಲ್ಲ ಕೃತಕ ಜೇಡರಬಲೆ ಸುತ್ತಿಕೊಂಡಿತ್ತು, ಪಾಲಿಯೆಸ್ಟರಿನದು. ಒಂದು ಬುಲ್‌ಬುಲ್ ಹಕ್ಕಿ ಅದರಲ್ಲಿ ಕಾಲು ಸಿಕ್ಕಿಸಿಕೊಂಡಿದ್ದನ್ನು ವಾಚ್‌ಮನ್ ಬಿಡಿಸಿ ಹಾರಿಸಿದ್ದ. ಕಸದ ಕೋಣೆಯ ಮುಂದೆ ಕರಿ ಟೋಪಿ, ಹರಿದ ಕರಿ ನಿಲುವಂಗಿ, ಪ್ಲಾಸ್ಟಿಕ್ ತಲೆಬುರುಡೆ, ಚಾಕಲೇಟಿನ ಮಿರುಗುವ ಕಾಗದಗಳ ರಾಶಿ. ನಮ್ಮಲ್ಲಿಗೆ ಬರುವ ಮಾವಶಿ (ಇಲ್ಲಿ ಆ ವಯಸ್ಸಿನ ಹೆಂಗಸರಿಗೆ ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಅನ್ನುವುದು ವಾಡಿಕೆ) ಒಂದು ಕೊರೆದ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅದರೊಳಗೆ ಮೇಣ ಸುರಿದಿತ್ತು, ಹೊರಗೆ ಮಿಂಚಿನ ಪುಡಿ ಬಳಿದು ಪ್ಲಾಸ್ಟಿಕ್ ಕಣ್ಣು ಅಂಟಿಸಿದ್ದರು. ನನ್ನನ್ನು ನೋಡಿ ಕೇಳಿದಳು: "ಕಾಕಾ, ಹೇ ಓಲಂ ಕೀ ಸುಕಂ?" ಇದು ಹಸಿಯೋ ಒಣವೋ?

ಅವಳು ವ್ಯಂಗ್ಯಕ್ಕೆ ಕೇಳಲಿಲ್ಲ. ಯಾವ ಡಬ್ಬಿಗೆ ಹಾಕಲಿ ಅಂತ ಕೇಳಿದಳು, ಅಷ್ಟೇ. ಹಸಿಯಲ್ಲಿ ಹಾಕಿದರೆ ಗೊಬ್ಬರ ಕೆಡುತ್ತದೆ, ಒಣದರಲ್ಲಿ ಹಾಕಿದರೆ ಕೊಳೆತು ಉಳಿದ ಕಾಗದವನ್ನೂ ಹಾಳು ಮಾಡುತ್ತದೆ. ಕೊನೆಗೆ ತಾನೇ ಕೂತು ಉಗುರಿನಿಂದ ಕಣ್ಣು ಕಿತ್ತು, ಮೇಣ ಕೆರೆದು ಬೇರೆ ಮಾಡಿದಳು. ನಾನು ಗಡಿಯಾರ ನೋಡಿದೆ, ಹಳೇ ಚಾಳಿ. ಒಂದು ಕುಂಬಳಕಾಯಿಗೆ ಹನ್ನೆರಡು ನಿಮಿಷ. ಅಂಥವು ಒಂಬತ್ತು ಇದ್ದವು.

ಆ ವರ್ಷದ ಹಬ್ಬ ನಮ್ಮ ಪುಸ್ತಕದಲ್ಲಿ ಮಿತವ್ಯಯದ್ದೇ ಆಗಿತ್ತು ಅನ್ನುವುದನ್ನು ಗಮನಿಸಬೇಕು. ಲೆಕ್ಕ ನನ್ನ ಕೈಯಲ್ಲೇ ಇತ್ತಲ್ಲ. ಆನ್‌ಲೈನಿನಲ್ಲಿ ಸಗಟು ತರಿಸಿದ ನಿಲುವಂಗಿ ಒಂದಕ್ಕೆ ಮುನ್ನೂರು ರೂಪಾಯಿ ಚಿಲ್ಲರೆ, ಜೇಡರಬಲೆ ಪೊಟ್ಟಣಕ್ಕೆ ಎಂಬತ್ತು. ಹತ್ತಿಬಟ್ಟೆ ತಂದು ದರ್ಜಿಯ ಕೈಯಲ್ಲಿ ಹೊಲಿಸಿದ್ದರೆ ಇದರ ಎರಡೂವರೆ ಪಟ್ಟು ಆಗುತ್ತಿತ್ತು. ಅಗ್ಗವಾದದ್ದೇ ಹೊಲಸು ಮಾಡಿತ್ತು. 2019ರಲ್ಲಿ ಬ್ರಿಟನ್ನಿನ ಎರಡು ಸಂಸ್ಥೆಗಳು ಅಲ್ಲಿಯ ಅಂಗಡಿಗಳಲ್ಲಿದ್ದ ಹ್ಯಾಲೋವೀನ್ ಉಡುಪುಗಳನ್ನು ಪರಿಶೀಲಿಸಿದಾಗ, ಬಳಸಿದ್ದ ವಸ್ತುವಿನಲ್ಲಿ ಶೇಕಡಾ 83ರಷ್ಟು ಪ್ಲಾಸ್ಟಿಕ್ ಮೂಲದ್ದೇ ಆಗಿತ್ತು. ಅಗ್ಗ ಆಗುವುದೇ ಅದರಿಂದ.

ಪುಣೆಯವರಿಗೆ ಇದು ಹೊಸ ಸಂಗತಿಯಲ್ಲ, ಗಣಪತಿ ಹಬ್ಬದಲ್ಲಿ ಕಲಿತ ಪಾಠವೇ. ಪ್ಲಾಸ್ಟರ್ ಆಫ್ ಪ್ಯಾರಿಸಿನ ಗಣಪತಿ ಹಗುರ, ಅಗ್ಗ; ಶಾಡೂ ಮಣ್ಣಿನದು ಭಾರ, ತುಟ್ಟಿ. ಬಡವ ಯಾವುದನ್ನು ಒಯ್ಯಬೇಕು? ಅವನಿಗೆ ಮಣ್ಣಿನದೇ ತಾ ಅಂತ ಉಪದೇಶ ಮಾಡುವುದು ಸುಲಭ. ಇಲ್ಲಿಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಉಪದೇಶ ಬಿಟ್ಟು ಉಪಾಯ ಹುಡುಕಿದರು. ಬೇಕರಿಯಲ್ಲಿ ಬಳಸುವ ಅಮೋನಿಯಂ ಬೈಕಾರ್ಬೊನೇಟನ್ನು ಬಕೆಟ್ ನೀರಿನಲ್ಲಿ ಕದಡಿ ಅದರಲ್ಲಿ ಪ್ಲಾಸ್ಟರಿನ ಗಣಪತಿಯನ್ನು ಮುಳುಗಿಸಿಟ್ಟರೆ ಒಂದೆರಡು ದಿನಗಳಲ್ಲಿ ಕರಗುತ್ತದೆ. ಮೇಲಿನ ನೀರು ಗಿಡಕ್ಕೆ ಗೊಬ್ಬರ, ತಳದಲ್ಲಿ ಉಳಿದದ್ದು ಸುಣ್ಣದ ಪುಡಿ. ಮಹಾನಗರಪಾಲಿಕೆ ಆ ಪುಡಿಯನ್ನು ಪುಕ್ಕಟೆ ಹಂಚಿತು. ಮುಠಾ ನದಿಗೆ ಹೋಗಬೇಕಾದ ಖರ್ಚು ಪಾಲಿಕೆಯ ಖಾತೆಗೆ ಬಂತು ಅನ್ನಿ.

ಖಾತೆ ಅಂದೆ. ನನ್ನ ಕಸುಬಿನ ಶಬ್ದ, ಆದರೆ ಈ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎಂ.ಕಾಂ. ಓದುವಾಗ ಮೊದಲು ತಲೆಗೆ ತುಂಬಿದ್ದು ಇಮ್ಮಡಿ ನಮೂದು. ಒಂದು ಕಡೆ ಖರ್ಚಿನ ಭಾರ ಇಳಿಯಿತು ಅಂದ್ರೆ ಇನ್ನೊಂದು ಕಡೆ ಎಲ್ಲೋ ಏರಿದೆ. ತಾನಾಗಿ ಮಾಯವಾಗುವ ರೂಪಾಯಿ ಲೆಕ್ಕಶಾಸ್ತ್ರದಲ್ಲಿ ಇಲ್ಲ. ನಮ್ಮ ಮುನ್ನೂರು ರೂಪಾಯಿಯ ನಿಲುವಂಗಿಯ ಉಳಿದ ಬೆಲೆಯನ್ನು ಮಾವಶಿಯ ಹನ್ನೆರಡು ನಿಮಿಷ ತೆತ್ತಿತು, ಉರುಳಿಯ ಬಾವಿ ತೆತ್ತಿತು, ಆ ಬುಲ್‌ಬುಲ್ಲಿನ ಕಾಲು ತೆತ್ತಿತು. ಅವರು ಯಾರೂ ನಮ್ಮ ಸದಸ್ಯರಲ್ಲ, ಅದಕ್ಕೆ ನಮ್ಮ ತಾಳೆಪಟ್ಟಿ ಸರಿಹೊಂದಿತ್ತು. ಹಾಗಾದರೆ ಉಳಿತಾಯ ಅಂತ ಯಾವುದಕ್ಕೆ ಅನ್ನಬೇಕು? ನನ್ನ ಖರ್ಚನ್ನು ಕೇಳುವವರಿಲ್ಲದವರ ಹೆಸರಿಗೆ ಬರೆದರೆ ಅದು ಉಳಿತಾಯವಲ್ಲ, ಬ್ಯಾಂಕಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಅಂಥದ್ದಕ್ಕೆ ಸಸ್ಪೆಂಡ್ ಆದವರನ್ನು ನಾನು ನೋಡಿದ್ದೇನೆ.

ಇದಕ್ಕೆ ಪೇಟೆಯ ಬಳಿ ಒಂದು ಉತ್ತರವಿದೆ. ಪರಿಸರಸ್ನೇಹಿ ಅಂತ ಹಸಿರು ಚೀಟಿ ಹಚ್ಚಿದ ಬಿದಿರಿನ ಮುಖವಾಡ, ಸೆಣಬಿನ ಚೀಲ, ಬೀಜ ತುಂಬಿದ ಕಾಗದ. ಅರ್ಜಿಯ ಜೊತೆ ಅವುಗಳ ಬೆಲೆಪಟ್ಟಿಯೂ ಇತ್ತು. ಒಂದು ಮುಖವಾಡಕ್ಕೆ ಆರುನೂರು. ಒಂದು ಸಂಜೆಗಾಗಿ ಕೊಂಡು, ಗುಜರಾತಿನ ಗೋದಾಮಿನಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಂದ ಬಿದಿರು ಎಷ್ಟು ಹಸಿರೋ ದೇವರೇ ಬಲ್ಲ. ಅದೂ ಇರಲಿ, ಬೇಸ್‌ಮೆಂಟಿನಲ್ಲಿ ಕಾರು ತೊಳೆಯುವವನ ಮಗಳೂ ಈ ಹುಡುಗರ ಜೊತೆಯೇ ಆಡುತ್ತಾಳೆ. ಮುನ್ನೂರರದೇ ಅವಳಿಗೆ ಬಂದಿರಲಿಲ್ಲ. 2023ರಲ್ಲಿ ಅವಳು ಲಿಫ್ಟಿನ ಪಕ್ಕ ನಿಂತು ನೋಡಿದ್ದಳು.

ಹಾಗಾದರೆ ನಮ್ಮ ಹೋಳಿ, ಆ ಐರಿಷ್ ಹುಡುಗರ ಹಬ್ಬ, ಇವು ಅಗ್ಗವಾಗಿಯೂ ಹೊಲಸಿಲ್ಲದೆಯೂ ಹೇಗೆ ನಡೆದವು? ಅವರೇನು ಪರಿಸರವಾದಿಗಳೇ? ಕಾರಣ ಅಟ್ಟ ಅಂತ ನನಗೆ ಅನಿಸುತ್ತದೆ.

ಧಾರವಾಡದ ನಮ್ಮ ಮನೆಯ ಅಟ್ಟದಲ್ಲಿ ಏನಿರಲಿಲ್ಲ? ಅಜ್ಜನ ಕರಿ ಕೋಟು, ಸವೆದ ರುಮಾಲು, ಕಾಲು ಮುರಿದ ತೊಟ್ಟಿಲು, ಹಳೇ ಕಂಬಳಿ, ಒಡೆದ ಹಾರ್ಮೋನಿಯಂ, ತೂತುಬಿದ್ದ ಜರಡಿ. ಶಾಲೆಯ ನಾಟಕಕ್ಕೆ ಯಮ ಆಗಬೇಕೋ, ಪಂಡಿತ ಆಗಬೇಕೋ, ಏಣಿ ಹತ್ತಿದರಾಯಿತು. ನಮ್ಮ ಅಟ್ಟದಲ್ಲಿ ಇಲ್ಲದ್ದು ಚಿಕ್ಕಪ್ಪನ ಅಟ್ಟದಲ್ಲಿ, ಅಲ್ಲಿಲ್ಲದ್ದು ಹಿಂದಿನ ಮನೆಯ ಕುಲಕರ್ಣ್ಯಾರ ಅಟ್ಟದಲ್ಲಿ. ಏನೂ ಕೊಳ್ಳಬೇಕಾಗುತ್ತಿರಲಿಲ್ಲ, ಯಾಕಂದ್ರೆ ಕೇಳಬಹುದಾದ ಜನ ಇದ್ದರು. ಅದನ್ನು ಆಗ ಯಾರೂ ಮಿತವ್ಯಯ ಅನ್ನಲಿಲ್ಲ.

ಊರು ಬಿಡುವವನು ಮೊದಲು ಬಿಟ್ಟು ಬರುವುದು ಅಟ್ಟವನ್ನೇ. ವರ್ಗದ ಆರ್ಡರು ಬಂದಾಗ ಲಾರಿಗೆ ಹೇರುವುದು ಬೇಕಾದ ಸಾಮಾನು ಮಾತ್ರ. ಬೇಡದ್ದನ್ನು, ಎಂದಾದರೂ ಬೇಕಾದೀತು ಅನ್ನುವುದನ್ನು ಯಾರು ಹೊರುತ್ತಾರೆ? ಪುಣೆಯ ಹಳೇ ಫ್ಲ್ಯಾಟುಗಳಲ್ಲಿ ಬಚ್ಚಲುಮನೆಯ ಮೇಲೆ ಮಾಳಾ ಅಂತ ಒಂದು ಗೂಡಾದರೂ ಇರುತ್ತಿತ್ತು. ನಮ್ಮ ಹೊಸ ಫ್ಲ್ಯಾಟಿನಲ್ಲಿ ಅದೂ ಇಲ್ಲ. ಎಂಟನೆಯ ಮಹಡಿಯ ಒಡಿಯಾ ದಂಪತಿಗಳ ಮನೆಯಲ್ಲಿ ಐದು ವರ್ಷಕ್ಕಿಂತ ಹಳೆಯದಾದ ಒಂದೇ ಒಂದು ವಸ್ತುವಿಲ್ಲ ಅಂತ ಆ ಹುಡುಗಿಯ ತಾಯಿಯೇ ಹೇಳಿದಳು. ನಕ್ಕೇ ಹೇಳಿದಳು, ಆದರೆ ನನಗೆ ನಗು ಬರಲಿಲ್ಲ. ಪರವೂರಿನವರು ದುಂದುಗಾರರು, ಕಂಡದ್ದೆಲ್ಲ ಕೊಳ್ಳುತ್ತಾರೆ ಅಂತ ಊರಿನಲ್ಲಿರುವ ಅಣ್ಣತಮ್ಮಂದಿರು ಆಡಿಕೊಳ್ಳುವುದುಂಟು. ಕೇಳಲು ಮನೆಗಳಿಲ್ಲದವನು ಕೊಳ್ಳದೆ ಏನು ಮಾಡಬೇಕು?

ನಾನು ಹಣ ಮಂಜೂರು ಮಾಡಲಿಲ್ಲ. ಬದಲಿಗೆ ಒಂದು ಶರತ್ತು ಬರೆದೆ: ಹೊಸದಾಗಿ ಏನನ್ನೂ ಕೊಳ್ಳಬಾರದು, ಮನೆಯಲ್ಲಿಲ್ಲದಿದ್ದರೆ ಸೊಸೈಟಿಯ ಇನ್ನೊಂದು ಮನೆಯಿಂದ ಎರವಲು ತರಬೇಕು. ಎರಡು ದಿನ ಎಲ್ಲರೂ ನನ್ನನ್ನು ಜಿಪುಣ ಮುದುಕ ಅಂದಿರಬೇಕು. ಪುಣೆಯವರು ಕಾಟಕಸರಕ್ಕೆ ಹೆಸರಾದವರು, ಆದರೂ ಜಿಪುಣತನದ ಪಟ್ಟವನ್ನು ಹೊರಗಿನವನಿಗೆ ಕಟ್ಟುವ ಅವಕಾಶ ಬಿಟ್ಟಾರೆಯೇ?

ಮೂರನೆಯ ದಿನದಿಂದ ಕರೆಗಂಟೆ ಹೊಡೆದುಕೊಳ್ಳಲು ಸುರುವಾಯಿತು. ನನ್ನ ಎರಡು ಹಳೇ ಧೋತರಗಳು ಎರಡು ದೆವ್ವಗಳಾದವು. ಮೂರನೆಯ ಮಹಡಿಯ ದೇಶಪಾಂಡೆ ವಕೀಲರ ಕರಿ ಗೌನಿಗೆ ಬಾವಲಿಯಾಗುವ ಯೋಗ ಬಂತು. ಕಾರು ತೊಳೆಯುವವನ ಮಗಳ ಮನೆಯಲ್ಲಿ ಕಂಬಳಿ ಇತ್ತು, ಸೋಲಾಪುರದ ಕಡೆಯ ಅಚ್ಚ ಕುರಿಯ ಕಂಬಳಿ. ಅದು ಯಾರಿಗೂ ಬೇಕಾದೀತು ಅಂತ ಅವಳಪ್ಪ ಊಹಿಸಿರಲಿಲ್ಲ. ಮೂರು ಮನೆಯ ಹುಡುಗರು ಅದಕ್ಕೆ ಜಗಳ ಆಡಿದರು.

ಆಮೇಲೆ ಆ ಒಡಿಯಾ ಹುಡುಗಿ ನಮ್ಮ ಮನೆಗೆ ಬಂದಳು. ಅವಳಿಗೆ ಮುದುಕಿ ದೆವ್ವ ಆಗಬೇಕಿತ್ತು, ಅದಕ್ಕೆ ಹಳೇ ಸೀರೆ ಬೇಕು. ನಮ್ಮ ಮನೆಯಲ್ಲಿ ಹಳೇ ಸೀರೆ ಅಂತ ಇರುವುದು ಒಂದೇ, ನನ್ನ ಹೆಂಡತಿಯ ತಾಯಿಯ ಇಳಕಲ್ ಸೀರೆ, ಕೆಂಪು ಸೆರಗಿನದು. ಹುಡುಗಿ ಹೊರಗೆ ಸೋಫಾದ ಮೇಲೆ ಕೂತಿದ್ದಾಳೆ. ಒಳಗೆ ಇವಳು ಕಪಾಟಿನ ಬಾಗಿಲು ಹಿಡಿದು ನಿಂತಿದ್ದಾಳೆ.

"ಇದನ್ನ ಹೆಂಗ್ ಕೊಡ್ಲಿರೀ? ಅವ್ವನ ಸೀರಿ ಇದು. ಹರದ್ರ ಮತ್ತ ಸಿಗತದೇನು?"

"ಕೊಡಬ್ಯಾಡ ಬಿಡು. ಇಲ್ಲಂತ ಹೇಳಿದರಾತು."

"ಇಲ್ಲ ಅನ್ನಲಿಕ್ಕೆ ಬಾಯಿ ಬರೂದಿಲ್ಲ, ಕೂಸು ಕೂತದ."

ಕೊಟ್ಟಳು. ಅದು ವಾಪಸು ಬರುವವರೆಗೆ ಅವಳು ಎಷ್ಟು ಸಲ ಬಾಲ್ಕನಿಗೆ ಹೋಗಿ ಕೆಳಗೆ ಇಣುಕಿದಳೋ ನಾನು ಎಣಿಸಲಿಲ್ಲ. ಮೂರನೆಯ ದಿನ ಸೀರೆ ಬಂತು, ಒಗೆದು ಇಸ್ತ್ರಿ ಮಾಡಿ, ಮೇಲೊಂದು ಡಬ್ಬಿಯಲ್ಲಿ ಅಕ್ಕಿ ಹಿಟ್ಟಿನ ಆರಿಸಾ ಸಿಹಿ ಇಟ್ಟು. ಆದರೆ ಅಂಚಿನ ಹತ್ತಿರ ಎರಡು ಬೆರಳಗಲ ಹರಿದಿತ್ತು. ಹುಡುಗಿಯ ತಾಯಿ ನವುರಾಗಿ ರಫೂ ಮಾಡಿಸಿದ್ದಳು, ಕಾಣದ ಹಾಗೆ. ನನ್ನ ಹೆಂಡತಿಗೆ ಕಂಡಿತು. ಎರಡು ದಿನ ಅವಳು ಹೆಚ್ಚು ಮಾತಾಡಲಿಲ್ಲ.

ಮಿತವ್ಯಯದ ಹಬ್ಬ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವಲ್ಲ, ಅದರ ಬೆಲೆ ಇಲ್ಲಿ ಬಂದು ನಿಲ್ಲುತ್ತದೆ. ಮುನ್ನೂರು ರೂಪಾಯಿ ಕೊಟ್ಟಿದ್ದರೆ ಸೀರೆ ಸುರಕ್ಷಿತವಾಗಿ ಕಪಾಟಿನಲ್ಲಿರುತ್ತಿತ್ತು. ಪ್ಲಾಸ್ಟಿಕ್ ಕೊಳ್ಳುವುದರ ದೊಡ್ಡ ಅನುಕೂಲವೇ ಅದು: ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಯಾರ ಮುಲಾಜೂ ಇಲ್ಲ, ಯಾರ ನೆನಪೂ ಹರಿಯುವುದಿಲ್ಲ. ಎರವಲಿನಲ್ಲಿ ಖರ್ಚು ಕಡಿಮೆಯಾಗಲಿಲ್ಲ, ನಮ್ಮದೇ ಖಾತೆಗೆ ಬಂತು. ಉರುಳಿಯ ಬಾವಿಯ ಬದಲು ನನ್ನ ಹೆಂಡತಿಯ ಕಪಾಟಿಗೆ ಬಂತು. ಇದು ನ್ಯಾಯ ಅಂತ ಅವಳ ಮುಂದೆ ನಿಂತು ಹೇಳುವ ಧೈರ್ಯ ನನಗೆ ಇರಲಿಲ್ಲ. ಆದರೆ ನ್ಯಾಯ ಅಂತಲೇ ನನಗೆ ಈಗಲೂ ಅನಿಸುತ್ತದೆ. ಹಬ್ಬ ಮಾಡಿದವರು ನಾವು.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತಬೇಕು, ಯಾರೂ ಎತ್ತಲಿಲ್ಲ. ಎಲ್ಲರೂ ಹೀಗೆ ಕೊಳ್ಳುವುದು ಬಿಟ್ಟರೆ ತುಳಶಿಬಾಗಿನಲ್ಲಿ ಮುಖವಾಡ ಮಾರುವ ಹುಡುಗನ ಗತಿ ಏನು? ಅರ್ಥಶಾಸ್ತ್ರಜ್ಞ ಕೇನ್ಸ್ 1931ರಲ್ಲಿ, ಉದ್ಯೋಗವಿಲ್ಲದೆ ಜನ ಅಲೆಯುತ್ತಿದ್ದಾಗ, ರೇಡಿಯೋದಲ್ಲಿ ಮಾತಾಡುತ್ತ ಬ್ರಿಟನ್ನಿನ ಗೃಹಿಣಿಯರಿಗೆ ಪೇಟೆಗೆ ಹೋಗಿ ಕೊಳ್ಳಿ, ನೀವು ಉಳಿಸಿದಷ್ಟೂ ಯಾರದೋ ಕೆಲಸ ಹೋಗುತ್ತದೆ ಅಂತ ಹೇಳಿದ್ದ. ಒಬ್ಬನ ಉಳಿತಾಯ ಗುಣ, ಎಲ್ಲರ ಉಳಿತಾಯ ಗಂಡಾಂತರ. ಈ ಮಾತನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೇನೆ, ತಳ್ಳಿಹಾಕಲು ಬರುವುದಿಲ್ಲ. ನಾನು ಸಮಾಧಾನ ಮಾಡಿಕೊಂಡದ್ದು ಇಷ್ಟು. ಕಸಬಾ ಪೇಠದ ಕುಂಭಾರವಾಡೆಯಲ್ಲಿ ಕೊಂಡ ಹಣತೆಯ ದುಡ್ಡು ಕುಂಬಾರನ ಕೈ ಸೇರುತ್ತದೆ. ಆನ್‌ಲೈನಿನ ಜೇಡರಬಲೆಯ ದುಡ್ಡು ಯಾರ ಕೈ ಸೇರುತ್ತದೆ ಅಂತ ನಾನು ಪತ್ತೆ ಹಚ್ಚಲಾರೆ. ತುಳಶಿಬಾಗಿನ ಹುಡುಗನಿಗೆ ಇದು ಉತ್ತರವಲ್ಲ, ಅದೂ ಗೊತ್ತು.

ಹಬ್ಬದ ಸಂಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲ ಹಬ್ಬದ ಸಂಜೆಗಳ ಹಾಗೆ ಗದ್ದಲವಿತ್ತು. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಂದಿತ್ತು. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಂಡು, ಕಾರಿಟ್ ಅನ್ನುವ ಕಹಿ ಕಾಯಿಯನ್ನು ನರಕಾಸುರ ಅಂತ ಕಾಲಿನಿಂದ ಒಡೆದವರೇ ಸಂಜೆ ದೆವ್ವಗಳನ್ನು ಬಾಗಿಲಿಗೆ ಕರೆದು ತಿನ್ನಲು ಕೊಟ್ಟರು. ಕೊಡಲು ಚಾಕಲೇಟು ಬೇಕಾಗಲಿಲ್ಲ. ದೀಪಾವಳಿಯ ಫರಾಳ ಅಂತ ಪ್ರತಿ ಮನೆಯಲ್ಲೂ ಚಕ್ಕುಲಿ, ಶಂಕರಪಾಳಿ, ಕರಂಜಿ ಮಾಡಿಟ್ಟದ್ದೇ ಇತ್ತು. ಮಕ್ಕಳು ಸ್ಟೀಲಿನ ಡಬ್ಬಿ ಹಿಡಿದು ಬಂದವು. ಕುಂಬಳಕಾಯಿ ಸೊಸೈಟಿಗೆಲ್ಲ ಒಂದೇ. ಒಳಗಿನ ತಿರುಳನ್ನು ಹೆಂಗಸರು ಬೆಲ್ಲ ಹಾಕಿ ಬೇಯಿಸಿ ಘಾರಗಿ ಕರಿದರು. ಇದು ಮರಾಠಿಗರದೋ ನಮ್ಮದೋ ಅಂತ ಅಲ್ಲಿಯೂ ಒಂದು ಸಣ್ಣ ಗಡಿ ತಕರಾರು ನಡೆಯಿತು. ಕೊರೆದ ಬುರುಡೆಯನ್ನು ಹುಡುಗರು ತಮ್ಮ ಕಿಲ್ಲಾದ ಮೇಲೆ ಇಟ್ಟರು. ಪುಣೆಯ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಕಲ್ಲು, ಮಣ್ಣು, ಗೋಣಿಚೀಲಗಳಿಂದ ಶಿವಾಜಿಯ ಕೋಟೆ ಕಟ್ಟಿ, ಸಾಸಿವೆ ಚೆಲ್ಲಿ ಹಸಿರು ಬೆಳೆಸುವುದು ಹಳೇ ಪದ್ಧತಿ. ಈಚೆಗೆ ಪ್ಲಾಸ್ಟರಿನ ಸಿದ್ಧ ಕೋಟೆಗಳೂ ಮಾರಾಟಕ್ಕೆ ಬಂದಿವೆ, ಅದೇ ರೋಗ. ನಮ್ಮ ಹುಡುಗರದು ಮಣ್ಣಿನದೇ ಇತ್ತು. ಸಿಂಹಾಸನದ ಮೇಲೆ ಶಿವಾಜಿ, ಬುರುಜಿನ ಮೇಲೆ ಹಲ್ಲು ಕಿರಿಯುವ ಕುಂಬಳಕಾಯಿ. ಯಾರಿಗೂ ವಿಚಿತ್ರ ಅನಿಸಲಿಲ್ಲ.

ಮರುದಿನ ಮಾವಶಿ ಕಸದ ಕೋಣೆಯಲ್ಲಿ ಎಂದಿನಷ್ಟೇ ಹೊತ್ತು ಇದ್ದಳು. ನಾನು ಗಡಿಯಾರ ನೋಡಲಿಲ್ಲ, ಕಿಟಕಿಯಿಂದ ಅವಳು ಹೋಗುವುದು ಕಂಡಿತು. ಎಂದಿನ ಹೊತ್ತಿಗೇ ಹೋದಳು.

ಎರವಲು ತಂದ ಕೆಲವು ಸಾಮಾನು ವಾಪಸು ಹೋಗಲೇ ಇಲ್ಲ. ಇದು ನಿಮ್ಮಲ್ಲೇ ಇರಲಿ, ಮುಂದಿನ ವರ್ಷಕ್ಕೆ ಬೇಕಾದೀತು ಅಂತ ಮನೆಯವರೇ ಬಿಟ್ಟರು. ಒಂದು ಟ್ರಂಕಿನಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಟ್ಟೆವು. ಆರು ತಿಂಗಳಿಗೆ, ಬೆಂಕಿ ಸುರಕ್ಷತೆಯ ನಿಯಮದಂತೆ ಮೆಟ್ಟಿಲ ಕೆಳಗೆ ಏನೂ ಇಡಬಾರದು ಅಂತ ಕಮಿಟಿಯ ನೋಟೀಸು ಬಂತು. ಟ್ರಂಕು ಎರಡು ಮನೆ ಸುತ್ತಿ ಈಗ ನಮ್ಮ ಮಂಚದ ಕೆಳಗಿದೆ. 2025ರಲ್ಲಿ ದೀಪಾವಳಿ ಹ್ಯಾಲೋವೀನಿಗಿಂತ ಮೊದಲೇ ಮುಗಿದಿತ್ತು, ಫರಾಳ ಖಾಲಿಯಾಗಿತ್ತು. ಆದರೂ ಮಕ್ಕಳು ಟ್ರಂಕು ಕೇಳಿಕೊಂಡು ಬಂದವು. ಒಡಿಯಾ ಹುಡುಗಿ ಬರಲಿಲ್ಲ. ಅವಳಪ್ಪನಿಗೆ ಜೂನಿನಲ್ಲಿ ಹೈದರಾಬಾದಿಗೆ ವರ್ಗವಾಯಿತು. ಹೋಗುವ ದಿನ ಅವಳ ತಾಯಿ ಒಂದು ಹಳೇ ಸಂಬಲ್‌ಪುರಿ ಸೀರೆಯನ್ನು ಟ್ರಂಕಿಗೆ ಹಾಕಲು ಕೊಟ್ಟು ಹೋದಳು. ಐದು ವರ್ಷಕ್ಕಿಂತ ಹಳೆಯದು ಏನೂ ಇಲ್ಲ ಅಂದವಳು ಅದನ್ನು ಎಲ್ಲಿಂದ ತರಿಸಿದಳೋ ನಾವು ಕೇಳಲಿಲ್ಲ. ಅದನ್ನು ಟ್ರಂಕಿನಲ್ಲಿ ಇಡಲು ನನ್ನ ಹೆಂಡತಿ ಒಪ್ಪಿಲ್ಲ. ಅವಳ ಕಪಾಟಿನಲ್ಲಿ, ಇಳಕಲ್ ಸೀರೆಯ ಕೆಳಗೆ ಇದೆ.